ವಾಟರ್ ಸ್ಕೀಯಿಂಗ್‌ಗೆ ಹಳೇ ಇನ್‌ಬೋರ್ಡ್ ಬೋಟ್ ಕೊಳ್ಳುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಈಜು ಕಲಿತದ್ದು ತುಂಗೆಯಲ್ಲಿ. ಇಲ್ಲಿಗೆ ಬಂದ ಮೇಲೆ ಎರಡು ಹಳೇ ಸ್ಕೀ ಬೋಟ್ ಕೊಂಡಿದ್ದೇನೆ. ಗೆಳೆಯರ ಜೊತೆ ಹೋಗಿ ಇನ್ನೂ ಎಷ್ಟೋ ಬೋಟ್ ನೋಡಿ ಬಂದಿದ್ದೇನೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವರು ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ.

ಕಾಲಿಗೆ ಹಲಗೆ ಕಟ್ಟಿ, ಬೋಟ್ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಈ ಆಟ ಹುಟ್ಟಿದ್ದೂ ಇದೇ ರಾಜ್ಯದಲ್ಲಿ. 1922ರ ಜುಲೈ 2ರಂದು ಲೇಕ್ ಸಿಟಿ ಊರಿನ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹುಡುಗ ಮೊದಲ ಸಲ ನೀರಿನ ಮೇಲೆ ನಿಂತ. ಮಾರನೇ ದಿನ ಅವನಿಗೆ 19 ತುಂಬುವುದಿತ್ತು. ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ್ದ, ಹಿಮದ ಸ್ಕೀ ಕಟ್ಟಿಕೊಂಡು ನೋಡಿದ್ದ, ಎರಡರಲ್ಲೂ ಆಗಿರಲಿಲ್ಲ. ಕೊನೆಗೆ ಮರದ ಹಲಗೆಯ ತುದಿ ಮೇಲಕ್ಕೆ ಬಗ್ಗಿಸಿ, ಹಿಂದಕ್ಕೆ ವಾಲಿ, ತುದಿಗಳನ್ನು ನೀರಿನಿಂದ ಮೇಲೆ ಇಟ್ಟುಕೊಂಡಾಗ ಎದ್ದು ನಿಂತ. ಬೋಟ್ ಓಡಿಸುತ್ತಿದ್ದವನು ಅವನ ಅಣ್ಣ ಬೆನ್. ಈಗಲೂ ಹೊಸಬರಿಗೆ ನಾವು ಹೇಳಿಕೊಡುವುದು ಅದನ್ನೇ: ಹಿಂದಕ್ಕೆ ವಾಲು, ತುದಿ ಮೇಲಿರಲಿ.

## ಮೊದಲ ಪ್ರಶ್ನೆಗಳು

ಇನ್‌ಬೋರ್ಡ್ ಅಂದ್ರೆ ಏನು? ಸ್ಕೀ ಮಾಡೋಕೆ ಅದೇ ಬೇಕಾ?

ಎಂಜಿನ್ ಬೋಟಿನ ಒಳಗಿದ್ದು, ಉಕ್ಕಿನ ಅಥವಾ ಕಂಚಿನ ಒಂದು ಶಾಫ್ಟ್ ತಳದಿಂದ ಹೊರಗೆ ಬಂದು ಪ್ರೊಪೆಲ್ಲರ್ ತಿರುಗಿಸಿದರೆ ಅದು ಇನ್‌ಬೋರ್ಡ್. ಪ್ರೊಪೆಲ್ಲರ್ ಬೋಟಿನ ಹೊಟ್ಟೆಯ ಕೆಳಗೇ ಇರುತ್ತದೆ, ಹಿಂದಕ್ಕೆ ಚಾಚಿಕೊಂಡಿರುವುದಿಲ್ಲ. ಔಟ್‌ಬೋರ್ಡ್‌ನಲ್ಲಿ ಎಂಜಿನ್ ಪೂರ್ತಿ ಹಿಂದೆ ನೇತಾಡುತ್ತದೆ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಭಾಗ ಹೊರಗೆ.

ಮಕ್ಕಳು ಎರಡು ಸ್ಕೀ ಮೇಲೆ ಎದ್ದು ನಿಲ್ಲುವುದಕ್ಕೆ ಯಾವ ಬೋಟಾದರೂ ಸಾಕು. ಒಂಟಿ ಸ್ಕೀಯಲ್ಲಿ ಎಡಕ್ಕೂ ಬಲಕ್ಕೂ ಜೋರಾಗಿ ಕೊಯ್ದುಕೊಂಡು ಹೋಗುವ ಆಸೆ ಬಂದಾಗ ವ್ಯತ್ಯಾಸ ಗೊತ್ತಾಗುತ್ತದೆ. ಸ್ಕೀಗೆಂದೇ ಮಾಡಿದ ಇನ್‌ಬೋರ್ಡ್‌ನಲ್ಲಿ ಹಗ್ಗ ಕಟ್ಟುವ ಕಂಬ ಬೋಟಿನ ನಡುಮಧ್ಯ, ಎಂಜಿನ್ನಿನ ಮುಂದೆ ಇರುತ್ತದೆ. ತಳದಲ್ಲಿ ಸಣ್ಣ ರೆಕ್ಕೆಗಳಿರುತ್ತವೆ. ಸ್ಕೀಯರ್ ಎಷ್ಟೇ ಎಳೆದರೂ ಬೋಟಿನ ಬಾಲ ಅಲುಗಾಡದೆ ನೇರ ಹೋಗುತ್ತದೆ. ಹಿಂದಿನ ಅಲೆಯೂ ಚಿಕ್ಕದು, ಮೆತ್ತಗಿನದು. ಒಂದು ಸಲ ಇದರ ಹಿಂದೆ ಸ್ಕೀ ಮಾಡಿದವರಿಗೆ ಬೇರೆ ಬೋಟ್ ರುಚಿಸುವುದು ಕಷ್ಟ.

ಡೈರೆಕ್ಟ್ ಡ್ರೈವ್, ವಿ-ಡ್ರೈವ್ ಅಂತಾರೆ. ನಮ್ಮನೆಗೆ ಯಾವುದು ಸರಿ?

ಡೈರೆಕ್ಟ್ ಡ್ರೈವ್‌ನಲ್ಲಿ ಎಂಜಿನ್ ಬೋಟಿನ ಮಧ್ಯ, ಒಂದು ಮೆತ್ತೆ ಹಾಕಿದ ಪೆಟ್ಟಿಗೆಯ ಕೆಳಗಿರುತ್ತದೆ. ಭಾರ ಸಮವಾಗಿ ಹಂಚಿಹೋಗುವುದರಿಂದ ಅಲೆ ಚಿಕ್ಕದು. ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂದಕ್ಕೆ ಹೋಗುತ್ತದೆ, ಶಾಫ್ಟ್ ಮಡಚಿಕೊಂಡು ವಾಪಸ್ ಬರುತ್ತದೆ. ಕೂರಲು ಜಾಗ ಜಾಸ್ತಿ, ಅಲೆಯೂ ದೊಡ್ಡದು. ಒಂದೇ ಅಗಲ ಹಲಗೆಯ ಮೇಲೆ ನಿಂತು ಆ ಅಲೆಯಲ್ಲಿ ಆಡುವ ವೇಕ್‌ಬೋರ್ಡ್, ವೇಕ್‌ಸರ್ಫ್ ಮಾಡುವವರಿಗೆ ಅದೇ ಬೇಕು.

ಮನೆಯಲ್ಲಿ ಸ್ಕೀ ಮಾಡುವವರೇ ಹೆಚ್ಚಿದ್ದರೆ ಡೈರೆಕ್ಟ್ ಡ್ರೈವ್ ಕೊಳ್ಳಿ. ನಾಲ್ಕು ಸಂಸಾರ ಒಟ್ಟಿಗೆ ಹೋಗಿ ಚಿತ್ರಾನ್ನ ತಿಂದು ಬರುವುದೇ ಮುಖ್ಯವಾದರೆ ಇದು ಇಕ್ಕಟ್ಟು. ಎಂಜಿನ್ ಪೆಟ್ಟಿಗೆ ನಡುವೆ ಕೂತು ಅರ್ಧ ಜಾಗ ತಿನ್ನುತ್ತದೆ. ಇದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೊಂಡ ಮೇಲೆ ಬೇಸರವಾಗುವುದು ಹೆಚ್ಚಾಗಿ ಈ ವಿಷಯಕ್ಕೇ.

ಹೊಸದೇ ತಗೊಂಡ್ರೆ ತಲೆನೋವಿಲ್ಲ ಅಲ್ವಾ? ಹಳೇದು ಎಷ್ಟಕ್ಕೆ ಸಿಗುತ್ತೆ?

ಒಳ್ಳೆಯ ಕಂಪನಿಯ ಹೊಸ ಸ್ಕೀ ಬೋಟ್ ಈಗ ಒಂದು ಲಕ್ಷ ಡಾಲರ್ ದಾಟುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನೀರಿಗಿಳಿಸುವ ನಮ್ಮಂಥವರಿಗೆ ಅದು ದೊಡ್ಡ ಹೊರೆ. 1980ರ ದಶಕದ ಬೋಟ್‌ಗಳು ಕೆಲವೇ ಸಾವಿರ ಡಾಲರ್‌ಗೆ ಸಿಗುತ್ತವೆ. 90ರ ದಶಕದ ಒಳ್ಳೆಯ ಬೋಟಿಗೆ ಸುಮಾರು 8ರಿಂದ 15 ಸಾವಿರ ಕೊಡಬೇಕಾಗಬಹುದು. 2000ದ ನಂತರದ್ದು ಅದಕ್ಕೂ ಮೇಲೆ. ಊರು, ತಿಂಗಳು, ಬೋಟ್ ಹೇಗಿಟ್ಟಿದ್ದಾರೆ ಎಂಬುದರ ಮೇಲೆ ಬೆಲೆ ಬಹಳ ಏರುಪೇರಾಗುತ್ತದೆ. ಅಕ್ಟೋಬರ್‌ನಲ್ಲಿ ಅಗ್ಗ, ಮೇ ತಿಂಗಳಲ್ಲಿ ತುಟ್ಟಿ.

ನಾನು ಹೊಸಬರಿಗೆ ಹೇಳುವುದು 90ರ ದಶಕದ ನಡುವಿನಿಂದ 2000ದ ಮೊದಲ ವರ್ಷಗಳವರೆಗಿನ ಬೋಟ್. ಅಷ್ಟೊತ್ತಿಗೆ ತಳದಲ್ಲಿ ಮರ ಹಾಕುವುದು ಬಹುಪಾಲು ನಿಂತಿತ್ತು. ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬರುತ್ತಿತ್ತು. ಎಂಜಿನ್ ಇನ್ನೂ ನಮ್ಮ ಕೈಗೆಟುಕುವಷ್ಟು ಸರಳವಾಗಿತ್ತು.

ಯಾವ ಕಂಪನಿದು ಒಳ್ಳೇದು?

ಮೂರು ಹೆಸರು ಎಲ್ಲೆಡೆ ಕೇಳಿಬರುತ್ತವೆ. 1925ರಲ್ಲಿ ಫ್ಲಾರಿಡಾದಲ್ಲಿ ಶುರುವಾದ ಕರೆಕ್ಟ್ ಕ್ರಾಫ್ಟ್ 1961ರಿಂದ ಸ್ಕೀ ನಾಟೀಕ್ ಬೋಟ್ ಮಾಡುತ್ತಿದೆ. ಮಾಸ್ಟರ್‌ಕ್ರಾಫ್ಟ್ 1968ರಲ್ಲಿ ಟೆನೆಸಿಯಲ್ಲಿ, ಮಾಲಿಬು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವು. ಸ್ಕೀ ನಾಟೀಕ್, ಮಾಸ್ಟರ್‌ಕ್ರಾಫ್ಟಿನ ಪ್ರೋಸ್ಟಾರ್, ಮಾಲಿಬುವಿನ ರೆಸ್ಪಾನ್ಸ್, ಈ ಮೂರರಲ್ಲಿ ಯಾವುದೇ ಸಿಕ್ಕಿದರೂ ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಸೂಪ್ರಾ, ಸೆಂಚೂರಿಯನ್, ಮೂಂಬಾ, ಟೀಗೆ ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತವೆ.

ಹೆಸರಿಗಿಂತ ಮಾಲೀಕನನ್ನು ನೋಡಿ. ಪ್ರತಿ ವರ್ಷದ ಆಯಿಲ್ ಚೇಂಜ್, ನೀರೆಳೆಯುವ ಪಂಪಿನ ಇಂಪೆಲರ್ (ರಬ್ಬರ್ ಚಕ್ರ) ಬದಲಿಸಿದ ತಾರೀಕು, ರಸೀದಿ ಎಲ್ಲ ಒಂದು ಫೈಲಿನಲ್ಲಿಟ್ಟವನ ಬೋಟ್ ಯಾವ ಕಂಪನಿದಾದರೂ ನಾನು ಕೊಳ್ಳುತ್ತೇನೆ.

ನಮ್ಮ ಮಿನಿವ್ಯಾನ್ ಎಳೆಯುತ್ತಾ?

ಎಳೆಯುವುದಿಲ್ಲ. 19-20 ಅಡಿಯ ಸ್ಕೀ ಬೋಟ್, ಪೆಟ್ರೋಲ್, ಸಾಮಾನು, ಟ್ರೈಲರ್ ಎಲ್ಲ ಸೇರಿ 3,500-4,000 ಪೌಂಡ್ ಆಗುತ್ತದೆ. ಮಿನಿವ್ಯಾನ್‌ಗಳ ಮಿತಿ ಸಾಮಾನ್ಯವಾಗಿ 3,500. ಕಡಿಮೆಯೆಂದರೆ 5,000 ಪೌಂಡ್ ಎಳೆಯುವ ಗಾಡಿ ಇರಲಿ. ರಸ್ತೆಗಿಂತ ರ‍್ಯಾಂಪಿನ ಪಾಚಿಯ ಮೇಲೆ ಬೋಟ್ ಮೇಲೆಳೆಯುವಾಗ ಗಾಡಿಯ ಶಕ್ತಿ ಗೊತ್ತಾಗುತ್ತದೆ.

## ನೋಡಲು ಹೋದಾಗ

ಮೀಟರ್‌ನಲ್ಲಿ 900 ಗಂಟೆ ತೋರಿಸ್ತಿದೆ. ಜಾಸ್ತಿ ಆಯ್ತಲ್ವಾ?

ಬೋಟಿಗೆ ಮೈಲಿ ಲೆಕ್ಕವಿಲ್ಲ, ಗಂಟೆ ಲೆಕ್ಕ. ಒಂದು ಸಂಸಾರ ವರ್ಷಕ್ಕೆ 50ರಿಂದ 100 ಗಂಟೆ ಓಡಿಸಬಹುದು. 25 ವರ್ಷದ ಬೋಟಿಗೆ 900 ಗಂಟೆ ಏನೂ ಅಲ್ಲ. ಇವುಗಳ ಎಂಜಿನ್ ಫೋರ್ಡ್ 351 ಅಥವಾ ಜಿಎಂ 350ನಂಥ ಗಟ್ಟಿ ವಿ-8. ಚೆನ್ನಾಗಿ ನೋಡಿಕೊಂಡರೆ ಇನ್ನೂ ಅಷ್ಟೇ ಗಂಟೆ ಓಡುತ್ತವೆ.

ನನಗೆ ಭಯವಾಗುವುದು 25 ವರ್ಷದಲ್ಲಿ 180 ಗಂಟೆ ಓಡಿದ ಬೋಟ್ ಕಂಡಾಗ. ಸುಮ್ನೆ ನಿಂತ ಬೋಟಿನಲ್ಲಿ ಸೀಲ್ ಒಣಗುತ್ತವೆ, ಪೆಟ್ರೋಲ್ ಅಂಟಾಗುತ್ತದೆ, ಇಲಿ ವೈರ್ ಕಡಿಯುತ್ತದೆ. ಮೀಟರೇ ಕೆಟ್ಟು ನಿಂತಿರುವುದೂ ಉಂಟು. ಇಂಜೆಕ್ಷನ್ ಎಂಜಿನ್ ಆದರೆ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಎಂಜಿನ್ ಕಂಪ್ಯೂಟರಿನ ಗಂಟೆ ಓದಬಲ್ಲ. ಹಳೆಯದಾದರೆ ಥ್ರಾಟಲ್ ಹಿಡಿ, ಸ್ಟೀರಿಂಗ್, ಸೀಟಿನ ಸವಕಳಿ ನೋಡಿ ಅಂದಾಜು ಮಾಡಬೇಕು.

ಸ್ಟ್ರಿಂಗರ್ ನೋಡಿ, ಸ್ಟ್ರಿಂಗರ್ ನೋಡಿ ಅಂತ ಎಲ್ಲರೂ ಹೇಳ್ತಾರೆ. ಅದನ್ನ ನೋಡೋದು ಹೇಗೆ?

ಇದು ಅತಿ ಮುಖ್ಯ ಪ್ರಶ್ನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮನೆಗೆ ತೊಲೆ ಇದ್ದ ಹಾಗೆ ಬೋಟಿಗೆ ಸ್ಟ್ರಿಂಗರ್. ತಳದ ಉದ್ದಕ್ಕೂ ಹೋಗುವ ಈ ತೊಲೆಗಳ ಮೇಲೇ ಎಂಜಿನ್ ಕೂತಿರುತ್ತದೆ. 80ರ ದಶಕದಲ್ಲಿ ಹೆಚ್ಚಿನ ಕಂಪನಿಗಳು ಇದನ್ನು ಮರದಲ್ಲಿ ಮಾಡಿ ಮೇಲೆ ಫೈಬರ್‌ಗ್ಲಾಸ್ ಹೊದಿಸುತ್ತಿದ್ದವು. ಎಂಜಿನ್ ಕೂರಿಸಲು ಆ ಹೊದಿಕೆಗೆ ತೂತು ಕೊರೆದು ಬೋಲ್ಟ್ ಹೊಡೆಯುತ್ತಿದ್ದರು. ವರ್ಷಗಟ್ಟಲೆ ಆ ತೂತಿನಿಂದ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಹೊರಗಿನ ಫೈಬರ್ ಮಾತ್ರ ಹೊಳೆಯುತ್ತಿರುತ್ತದೆ. ಮಾಸ್ಟರ್‌ಕ್ರಾಫ್ಟ್ ಬೇಗನೇ ಮರ ಬಿಟ್ಟಿತು. ಉಳಿದವರು 90ರ ದಶಕದಲ್ಲಿ ಒಬ್ಬೊಬ್ಬರಾಗಿ ಬಿಟ್ಟರು.

ನೋಡುವುದು ಹೀಗೆ. ಎಂಜಿನ್ ಪೆಟ್ಟಿಗೆ ಎತ್ತಿ, ಟಾರ್ಚ್ ಹಿಡಿದು ಬಗ್ಗಿ. ದೊಡ್ಡ ಸ್ಕ್ರೂಡ್ರೈವರಿನ ಹಿಡಿಯಿಂದ ಸ್ಟ್ರಿಂಗರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತಾ ಹೋಗಿ. ಊರಲ್ಲಿ ಹಳೇ ಮನೆ ನೋಡುವಾಗ ಅಜ್ಜ ಗೆದ್ದಲು ಹಿಡಿದಿದೆಯಾ ಎಂದು ತೊಲೆ ತಟ್ಟುತ್ತಿದ್ದರು, ಅದೇ ಕೆಲಸ. ಗಟ್ಟಿ ಮರವಾದರೆ ಟಕ್ ಟಕ್ ಎನ್ನುತ್ತದೆ. ಕೊಳೆತ ಕಡೆ ಸದ್ದು ದಬ್ ಎಂದು ಅಲ್ಲೇ ಸಾಯುತ್ತದೆ.

ಆಮೇಲೆ ಮಾಲೀಕರನ್ನು ಕೇಳಿ, ಎಂಜಿನ್ ಮೌಂಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಧಾನಕ್ಕೆ ಬಿಗಿ ಮಾಡಿ. ಬಿಗಿಯಾಗಿ ನಿಂತರೆ ಸರಿ. ಸುತ್ತುತ್ತಲೇ ಹೋದರೆ ಅದು ಹಿಡಿದುಕೊಳ್ಳಲು ಒಳಗೆ ಮರವೇ ಇಲ್ಲ ಎಂದರ್ಥ. ಬೋಲ್ಟಿನ ಬುಡದಲ್ಲಿ ಟೀ ಡಿಕಾಕ್ಷನ್ ಬಣ್ಣದ ನೀರಿನ ಕಲೆ ಇದ್ದರೂ ಅದೇ ಗುರುತು.

ನೆಲದ ಮೇಲೆ ಬರಿಗಾಲಲ್ಲಿ ನಡೆಯಿರಿ. ಹೆಜ್ಜೆ ಕುಸಿದಂತೆ ಅನ್ನಿಸಿದ ಕಡೆ ನಿಲ್ಲಿ. ನೆಲದಡಿ ತುಂಬಿದ ಫೋಮ್ ನೀರು ಕುಡಿದಿದ್ದರೆ ಬೋಟ್ ನೂರಾರು ಪೌಂಡ್ ಭಾರವಾಗಿರುತ್ತದೆ. ಅನುಮಾನವಿದ್ದರೆ ಟ್ರೈಲರ್ ಸಮೇತ ಟ್ರಕ್ ತೂಗುವ ಕಡೆ ತೂಗಿಸಿ, ಕಂಪನಿ ಹೇಳಿದ ತೂಕದ ಜೊತೆ ಹೋಲಿಸಿ. ಸ್ಟ್ರಿಂಗರ್ ಕೊಳೆತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ, ಮೊದಲ ಬೋಟ್ ಕೊಳ್ಳುವವರು ವಾಪಸ್ ಬನ್ನಿ.

ನನಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ಏನು ನೋಡಲಿ?

ನೀರು ಇರಬಾರದ ಕಡೆ ನೀರಿದೆಯಾ ಎಂದು ನೋಡಿ. ಅರ್ಧ ಕೆಲಸ ಅಷ್ಟೇ.

ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಬೇರೆ ಇರುತ್ತದೆ, ಅದನ್ನೂ ಎಳೆಯಿರಿ. ಕೆಂಪಗೆ ತಿಳಿಯಾಗಿರಬೇಕು. ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣವಾದರೆ ನೀರು. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸವೆದಿರಬಹುದು.

ನೀವು ಹೋಗುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿರಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ರೀತಿಯಲ್ಲೇ ಅದರ ಆರೋಗ್ಯ ಗೊತ್ತಾಗುತ್ತದೆ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ. ಎಂಟೂ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಯಾವುದಾದರೂ ಒಂದು 10%ಗಿಂತ ಜಾಸ್ತಿ ಕೆಳಗಿದ್ದರೆ ಕಾರಣ ತಿಳಿಯದೆ ದುಡ್ಡು ಕೊಡಬೇಡಿ.

ಇನ್ನು ಹಿಮದ ವಿಷಯ. ಹೆಚ್ಚಿನ ಸ್ಕೀ ಬೋಟ್‌ಗಳ ಎಂಜಿನ್ ಲೇಕಿನ ನೀರನ್ನೇ ಎಳೆದು ತಣ್ಣಗಾಗುತ್ತದೆ. ಆ ನೀರನ್ನು ಚಳಿಗಾಲದ ಮೊದಲು ಪೂರ್ತಿ ಬಸಿಯದಿದ್ದರೆ ಅದು ಹೆಪ್ಪುಗಟ್ಟಿ ಸುಮಾರು 9% ಹಿಗ್ಗುತ್ತದೆ. ಎರಕದ ಕಬ್ಬಿಣ ಸೀಳುತ್ತದೆ. ನನ್ನ ಮೊದಲ ಬೋಟಿನಲ್ಲಿ ಆದದ್ದು ಇದೇ. ಅಕ್ಟೋಬರ್‌ನಲ್ಲಿ ಅಗ್ಗವಾಗಿ ಸಿಕ್ಕಿತು ಎಂದು ನೀರಿಗಿಳಿಸದೆ ಕೊಂಡೆ. ಮೇ ತಿಂಗಳಲ್ಲಿ ನೀರಿಗಿಳಿಸಿ ಹತ್ತು ನಿಮಿಷವಾಗಿರಲಿಲ್ಲ, ಎಂಜಿನ್ ಕೆಳಗೆ ನೀರು ನಿಲ್ಲತೊಡಗಿತು. ಒಂದು ಪಕ್ಕದಲ್ಲಿ ಬೆರಳುದ್ದದ ಬಿರುಕು. ಅದಕ್ಕೆ ಯಾರೋ ಎಪಾಕ್ಸಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಎಂಜಿನ್ನೇ ಬದಲಿಸಬೇಕಾಯಿತು. ಈಗ ನಾನು ಯಾವ ಬೋಟ್ ನೋಡಿದರೂ ಮೊದಲು ಬ್ಲಾಕಿನ (ಎಂಜಿನ್ನಿನ ಎರಕದ ಮೈಯ) ಎರಡೂ ಪಕ್ಕಕ್ಕೆ ಸಣ್ಣ ಕನ್ನಡಿ ಹಿಡಿದು ಟಾರ್ಚ್ ಬಿಡುತ್ತೇನೆ. ಉಳಿದೆಲ್ಲ ಕಡೆ ಹಳೇ ಬಣ್ಣ, ಒಂದೇ ಕಡೆ ಹೊಸ ಬಣ್ಣ ಕಂಡರೆ ಅಲ್ಲೇ ಬೆರಳಾಡಿಸುತ್ತೇನೆ.

ಟ್ರೈಲರ್ ಮೇಲೇ ಸ್ಟಾರ್ಟ್ ಮಾಡಿ ತೋರಿಸ್ತೀನಿ ಅಂದ್ರು. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಮೊದಲನೆಯದಾಗಿ, ನೀರಿನ ಪೈಪ್ ಕೊಡದೆ ಸ್ಟಾರ್ಟ್ ಮಾಡುವವರನ್ನು ತಕ್ಷಣ ತಡೆಯಿರಿ. ನೀರು ಎಳೆಯುವ ಪಂಪಿನೊಳಗೆ ರಬ್ಬರಿನ ಇಂಪೆಲರ್ ಇದೆ. ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಎರಡನೆಯದಾಗಿ, ಟ್ರೈಲರ್ ಮೇಲೆ ಎಂಜಿನ್ ಮೇಲೆ ಭಾರವೇ ಬೀಳುವುದಿಲ್ಲ. ಗೇರ್ ಹಿಡಿಯುತ್ತದೆಯೋ, ಶಾಫ್ಟ್ ಅದುರುತ್ತದೆಯೋ, ಏನೂ ತಿಳಿಯುವುದಿಲ್ಲ.

ನೀರಿಗಿಳಿಸಿದ ಮೇಲೆ ಮೊದಲು ನಿಂತಲ್ಲೇ ಐದು ನಿಮಿಷ ಬಿಡಿ, ತಳದಲ್ಲಿ ನೀರು ಬರುತ್ತಿದೆಯಾ ನೋಡಿ. ಮುಂದಕ್ಕೆ, ಹಿಂದಕ್ಕೆ ಗೇರ್ ಹಾಕಿ. ತಡವಿಲ್ಲದೆ ಹಿಡಿಯಬೇಕು. 30-36 ಮೈಲಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಬಿಸಿಯ ಮುಳ್ಳು ಒಂದೇ ಕಡೆ ನಿಲ್ಲಬೇಕು. 140ರಿಂದ 170 ಡಿಗ್ರಿ ಫ್ಯಾರನ್‌ಹೀಟ್ ಆದರೆ ಸರಿ. ಆಮೇಲೆ ಒಂದು ಸಲ ಪೂರ್ತಿ ಥ್ರಾಟಲ್ ಕೊಡಿ. ಹೆಚ್ಚಿನ ಎಂಜಿನ್‌ಗಳು 4,400ರಿಂದ 5,000 ಆರ್‌ಪಿಎಂ ಮುಟ್ಟುತ್ತವೆ. ಮುಟ್ಟದಿದ್ದರೆ ಎಂಜಿನ್ ಸೊರಗಿದೆ ಅಥವಾ ಪ್ರೊಪೆಲ್ಲರ್ ಸರಿಯಿಲ್ಲ. ಬಿಸಿಯಾದ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಸ್ಕೀಯರ್ ಬದಲಾಯಿಸುವಾಗಲೆಲ್ಲ ನೀವು ಮಾಡುವುದು ಅದನ್ನೇ.

ಮಾಲೀಕರು ಒಪ್ಪಿದರೆ ಸ್ಕೀ ತಗೊಂಡು ಹೋಗಿ, ಅದರ ಹಿಂದೆ ಒಂದು ಸುತ್ತು ಸ್ಕೀ ಮಾಡಿ. ಯಾರು ಮಾರುತ್ತಿದ್ದರೂ ನೀರಿಗಿಳಿಸದೆ ಪೂರ್ತಿ ದುಡ್ಡು ಕೊಡಬೇಡಿ. ಹಿಮ ಬಿದ್ದು ಲೇಕ್ ಮುಚ್ಚಿದ್ದರೆ ಅಡ್ವಾನ್ಸ್ ಕೊಟ್ಟು, ಉಳಿದದ್ದು ವಸಂತದಲ್ಲಿ ನೀರಿಗಿಳಿಸಿದ ಮೇಲೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ.

ಫ್ಲಾರಿಡಾದಿಂದ ಬಂದ ಬೋಟ್ ತಗೋಬಹುದಾ?

ತಗೋಬಹುದು, ಆದರೆ ಸಮುದ್ರದಲ್ಲಿ ಓಡಿದ್ದಾ ಎಂದು ಕೇಳಿ. ಉಪ್ಪುನೀರು ಎಂಜಿನ್ನಿನ ಹೊಗೆ ಹೊರಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಒಳಗಿಂದ ತಿನ್ನುತ್ತದೆ. ಬೋಲ್ಟಿನ ತಲೆಗಳಲ್ಲಿ ಬಿಳಿ ಪುಡಿ, ಟ್ರೈಲರ್ ಚೌಕಟ್ಟಿನ ಒಳಗೆ ತುಕ್ಕು ಕಂಡರೆ ಬೇಡ. ಅಲ್ಲಿಯ ಸಿಹಿನೀರಿನ ಲೇಕುಗಳಲ್ಲೇ ಓಡಿದ ಬೋಟ್‌ಗಳೂ ಬೇಕಾದಷ್ಟಿವೆ. ಅವು ಹಿಮ ಕಂಡಿರುವುದೇ ಇಲ್ಲ, ಅದು ನಮಗೆ ಲಾಭ.

ಟ್ರೈಲರ್‌ನಲ್ಲೂ ನೋಡೋದೇನಿದೆ?

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಐದಾರು ವರ್ಷ ದಾಟಿದ್ದರೆ, ಕಚ್ಚು ಚೆನ್ನಾಗಿ ಕಂಡರೂ, ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಹತ್ತು ಮೈಲಿ ಎಳೆದು ನಿಲ್ಲಿಸಿ ಪ್ರತಿ ಚಕ್ರದ ನಡುವಿನ ಹಬ್ ಮುಟ್ಟಿ ನೋಡಿ. ಒಂದು ಮಾತ್ರ ಕೈ ಸುಡುವಂತಿದ್ದರೆ ಆ ಬೇರಿಂಗ್ ಹೋಗಿದೆ. ಬ್ರೇಕ್, ಲೈಟ್ ಮರೆಯಬೇಡಿ.

## ಕಾಗದಪತ್ರ ಮತ್ತು ದುಡ್ಡು

ಕದ್ದ ಬೋಟ್ ಅಲ್ಲ ಅಂತ ಹೇಗೆ ಗೊತ್ತಾಗುತ್ತೆ?

1972ರ ನವೆಂಬರ್ ನಂತರ ಅಮೆರಿಕದಲ್ಲಿ ಮಾಡಿದ ಪ್ರತಿ ಬೋಟಿಗೂ 12 ಅಕ್ಷರ-ಅಂಕಿಗಳ ಹಲ್ ನಂಬರ್ ಇರುತ್ತದೆ. ಬೋಟಿನ ಹಿಂದೆ ನಿಂತರೆ ಬಲಗಡೆ ಮೇಲ್ಭಾಗದಲ್ಲಿ ಕಾಣುತ್ತದೆ. ಮೊದಲ ಮೂರು ಅಕ್ಷರ ಕಂಪನಿಯದು: ಕರೆಕ್ಟ್ ಕ್ರಾಫ್ಟ್‌ಗೆ ಸಿಟಿಸಿ, ಮಾಸ್ಟರ್‌ಕ್ರಾಫ್ಟ್‌ಗೆ ಎಂಬಿಸಿ. 80ರ ದಶಕದ ನಡುವಿನಿಂದ ಈಚೆಗಿನ ಬೋಟಾದರೆ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಮಾರುವವರು 97 ಎಂದರೆ ಅಲ್ಲಿ 97 ಇರಬೇಕು.

ಆ ನಂಬರ್ ಟೈಟಲ್ ಕಾಗದದಲ್ಲಿ (ಮಾಲೀಕತ್ವದ ಪತ್ರ) ಇರುವುದರ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಟೈಟಲ್‌ನಲ್ಲಿರುವ ಹೆಸರು, ನಿಮ್ಮೆದುರು ನಿಂತವರ ಐಡಿ ಎರಡೂ ಒಂದೇ ಇರಬೇಕು. ಬ್ಯಾಂಕಿನ ಸಾಲವಿದ್ದರೆ ತೀರಿದ ಪತ್ರ ಕೇಳಿ. ಬೋಟಿಗೆ ಟೈಟಲ್ ಕೊಡುವ ರಾಜ್ಯಗಳೂ ಇವೆ, ರಿಜಿಸ್ಟ್ರೇಷನ್ ಮಾತ್ರ ಕೊಡುವ ರಾಜ್ಯಗಳೂ ಇವೆ. ಟ್ರೈಲರಿನ ಕಾಗದ ಬೇರೆ, ಅದನ್ನೂ ಕೇಳಿ ಪಡೆಯಿರಿ.

ಮೆಕ್ಯಾನಿಕ್ ಕರ್ಕೊಂಡು ಹೋಗಬೇಕಾ?

ಮೊದಲ ಬೋಟಾದರೆ ಖಂಡಿತ. ಅವರು ಇನ್‌ಬೋರ್ಡ್ ಬಲ್ಲವರಾಗಿರಲಿ. ಕಾರ್ ಮೆಕ್ಯಾನಿಕ್‌ಗೆ ಎಂಜಿನ್ ಗೊತ್ತು, ಶಾಫ್ಟು ಸ್ಟ್ರಿಂಗರ್ ಗೊತ್ತಿರುವುದಿಲ್ಲ. ಮಾಲೀಕರ ಪರಿಚಯದವರನ್ನಲ್ಲ, ನೀವೇ ಹುಡುಕಿದವರನ್ನು ಕರೆದೊಯ್ಯಿರಿ.

ಕೊಂಡ ಮೇಲೆ ಮೊದಲ ವರ್ಷ ಎಷ್ಟು ಎತ್ತಿಡಬೇಕು?

ಬೋಟಿನ ಬೆಲೆಯ ಮೇಲೆ ಇನ್ನೂ 15-20% ಕೈಯಲ್ಲಿಟ್ಟುಕೊಳ್ಳಿ ಎನ್ನುವುದು ನನ್ನ ಲೆಕ್ಕ. ಆಯಿಲ್, ಗೇರ್ ಆಯಿಲ್, ಇಂಪೆಲರ್, ಬ್ಯಾಟರಿ, ಬೆಲ್ಟ್, ಟ್ರೈಲರ್ ಟೈರ್, ಲೈಫ್ ಜಾಕೆಟ್, ಇನ್ಶೂರೆನ್ಸ್, ಇವೆಲ್ಲ ಮೊದಲ ವರ್ಷವೇ ಬರುತ್ತವೆ. ಸ್ಕೀ ಎಳೆಯುವಾಗ ಗಂಟೆಗೆ ನಾಲ್ಕೈದು ಗ್ಯಾಲನ್ ಪೆಟ್ರೋಲ್ ಹೋಗುತ್ತದೆ. ಹರಿದ ಸೀಟುಗಳನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ, ಪೂರ್ತಿ ಹೊಲಿಸಲು ಸಾವಿರಾರು ಡಾಲರ್ ಬೇಕು.

ಒಂದು ಎಚ್ಚರಿಕೆ. ಸ್ಟಾರ್ಟರ್, ಆಲ್ಟರ್ನೇಟರ್, ಪೆಟ್ರೋಲ್ ಪಂಪ್ ಕೆಟ್ಟರೆ ಅಗ್ಗವೆಂದು ಕಾರಿನದ್ದು ಹಾಕಬೇಡಿ. ಬೋಟಿನವು ಕಿಡಿ ಹೊರಬರದಂತೆ ಮುಚ್ಚಿರುತ್ತವೆ. ಕಾರಿನಲ್ಲಿ ಪೆಟ್ರೋಲ್ ಆವಿ ಕೆಳಗೆ ಹಾರಿಹೋಗುತ್ತದೆ, ಬೋಟಿನಲ್ಲಿ ತಳದಲ್ಲೇ ನಿಲ್ಲುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋವರ್ (ಆವಿ ಹೊರಹಾಕುವ ಫ್ಯಾನ್) ಹಾಕುವುದು, ಪೆಟ್ಟಿಗೆ ಎತ್ತಿ ಮೂಸಿ ನೋಡುವುದು ಇದಕ್ಕೇ.

## ಬೋಟ್ ಕೈಗೆ ಬಂದ ಮೇಲೆ

ರಿವರ್ಸ್‌ನಲ್ಲಿ ಬೋಟ್ ಹೇಳಿದ ಮಾತೇ ಕೇಳೋದಿಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ, ಇನ್‌ಬೋರ್ಡಿನ ಸ್ವಭಾವವೇ ಹಾಗೆ. ರಡ್ಡರ್, ಅಂದರೆ ಚುಕ್ಕಾಣಿ, ಪ್ರೊಪೆಲ್ಲರಿನ ಹಿಂದಿದೆ. ಮುಂದೆ ಹೋಗುವಾಗ ಪ್ರೊಪೆಲ್ಲರ್ ತಳ್ಳಿದ ನೀರು ರಡ್ಡರಿಗೆ ಬಡಿಯುತ್ತದೆ, ಬೋಟ್ ತಿರುಗುತ್ತದೆ. ಹಿಂದೆ ಹೋಗುವಾಗ ಆ ನೀರು ಮುಂದಕ್ಕೆ ಹೋಗುವುದರಿಂದ ರಡ್ಡರಿಗೆ ಕೆಲಸವೇ ಇಲ್ಲ. ಬಾಲ ಯಾವಾಗಲೂ ಒಂದೇ ಕಡೆ ಎಳೆಯುತ್ತದೆ. ಯಾವ ಕಡೆ ಎನ್ನುವುದು ಪ್ರೊಪೆಲ್ಲರ್ ತಿರುಗುವ ದಿಕ್ಕಿನ ಮೇಲೆ ಹೋಗುತ್ತದೆ. ಖಾಲಿ ನೀರಿನಲ್ಲಿ ಅದನ್ನು ಕಂಡುಕೊಳ್ಳಿ, ಆ ಕಡೆಯನ್ನೇ ಡಾಕಿಗೆ ಹತ್ತಿಸಿ. ಒಂದು ಮಧ್ಯಾಹ್ನ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ.

ಅಪ್ಪ ಅಮ್ಮ ಊರಿಂದ ಬರ್ತಾರೆ. ಈಜು ಬರದವರನ್ನ ಕೂರಿಸಬಹುದಾ?

ಕೂರಿಸಿ, ಲೈಫ್ ಜಾಕೆಟ್ ತೊಡಿಸಿ. ಮಿನೆಸೋಟಾದಲ್ಲಿ ಕಾನೂನು 10 ವರ್ಷದೊಳಗಿನ ಮಕ್ಕಳಿಗೆ ಕಡ್ಡಾಯ ಎನ್ನುತ್ತದೆ. ನನ್ನ ಬೋಟಿನಲ್ಲಿ ಈಜು ಬರದ ಎಲ್ಲರಿಗೂ ಕಡ್ಡಾಯ. ನನ್ನ ಅಮ್ಮ ಸೀರೆಯ ಮೇಲೆಯೇ ಜಾಕೆಟ್ ತೊಟ್ಟು, ಕೈಗೆ ಸಿಕ್ಕ ಹಿಡಿ ಬಿಗಿಯಾಗಿ ಹಿಡಿದು ಕೂತಿದ್ದರು. ಎರಡನೇ ಸುತ್ತಿಗೆ ಅವರೇ ಮೊಮ್ಮಗಳ ಕಡೆ ನೋಡುತ್ತಾ "ಬಿದ್ದಳು, ನಿಲ್ಲಿಸು" ಎಂದು ಕೂಗಿ ಹೇಳುತ್ತಿದ್ದರು.

ಎಂಜಿನ್ ಓಡುತ್ತಿರುವಾಗ ಯಾರನ್ನೂ ಹಿಂದಿನ ಹಲಗೆಯ ಮೇಲೆ ಕೂರಲು ಬಿಡಬೇಡಿ. ಎಕ್ಸಾಸ್ಟ್ ಅಲ್ಲೇ ಕೆಳಗಿದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲ್ಲಿ ಕೂತು ಪ್ರಜ್ಞೆ ತಪ್ಪಿ ನೀರಿಗೆ ಬಿದ್ದು ಸತ್ತವರಿದ್ದಾರೆ. ಸ್ಕೀಯರ್ ಹತ್ತಿ ಇಳಿಯುವಾಗ ಎಂಜಿನ್ ಆಫ್.

ಸ್ಪೀಡ್ ಕಂಟ್ರೋಲ್ ಇಲ್ಲದ ಬೋಟ್ ತಗೊಂಡ್ರೆ ತಪ್ಪಾಗುತ್ತಾ?

ಬೋಟಿನ ವೇಗವನ್ನು ತಾನೇ ಒಂದೇ ಸಮ ಇಡುವ ಸಾಧನ ಅದು. ಸುಮ್ನೆ ಸ್ಕೀ ಮಾಡುವವರಿಗೆ ತಪ್ಪಿಲ್ಲ. ಸ್ಲಾಲೋಮ್ ಕೋರ್ಸಿಗೆ ಹೋಗುವ ಆಸೆಯಿದ್ದರೆ ಬೇಕೇ ಬೇಕು. 259 ಮೀಟರ್ ಉದ್ದದ ಕೋರ್ಸಿನಲ್ಲಿ ನೀರಿನ ಮೇಲೆ ತೇಲುವ ಆರು ಗುರುತಿನ ಚೆಂಡು ಸುತ್ತಬೇಕು. ದೊಡ್ಡವರ ಸ್ಪರ್ಧೆಯಲ್ಲಿ ವೇಗ 34 ಅಥವಾ 36 ಮೈಲಿಯವರೆಗೆ ಹೋಗುತ್ತದೆ. ಸ್ಕೀಯರ್ ಎಳೆದಾಗಲೆಲ್ಲ ಬೋಟ್ ನಿಧಾನವಾಗುತ್ತದೆ. ಕೈಯಿಂದ ಅದನ್ನು ಸರಿದೂಗಿಸಲು ವರ್ಷಗಳ ಅಭ್ಯಾಸ ಬೇಕು.

ಕೇಬಲ್ ಥ್ರಾಟಲ್ ಇರುವ ಹಳೇ ಬೋಟಿಗೆ ಪರ್ಫೆಕ್ಟ್ ಪಾಸ್‌ನ ಜಿಪಿಎಸ್ ಕಿಟ್ ಆಮೇಲೂ ಹಾಕಿಸಬಹುದು. ಸ್ಪರ್ಧೆಗಳಲ್ಲಿ ಬಳಸುವ ಝೀರೋ ಆಫ್ ಎಂಬ ಸ್ಪೀಡ್ ಕಂಟ್ರೋಲ್‌ಗೆ ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಎಂಜಿನ್ ಬೇಕು. ಕೋರ್ಸ್ ಮಾಡುವುದು ಖಚಿತವಾದರೆ ಇದನ್ನು ನೋಡಿಯೇ ಬೋಟ್ ಆರಿಸಿ.

ಶಾಫ್ಟ್ ಒಳಗೆ ಬರೋ ಕಡೆ ನೀರು ತೊಟ್ಟಿಕ್ಕುತ್ತೆ. ಗಾಬರಿ ಆಗಬೇಕಾ?

ಶಾಫ್ಟಿನ ಸುತ್ತ ನೀರು ತಡೆಯಲು ತುಂಬಿದ ಹಳೇ ಬಗೆಯ ಪ್ಯಾಕಿಂಗ್ ಆದರೆ, ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು. ಆ ನೀರೇ ಅದನ್ನು ತಣ್ಣಗಿಡುವುದು. ಪೂರ್ತಿ ನಿಲ್ಲುವಂತೆ ಬಿಗಿದರೆ ಶಾಫ್ಟ್ ಬಿಸಿಯಾಗಿ ಸವೆಯುತ್ತದೆ. ಧಾರೆಯಾಗಿ ಬಂದರೆ ಪ್ಯಾಕಿಂಗ್ ಬದಲಿಸಿ.

ಅದುರುವಿಕೆ ಇದ್ದರೆ ಮೊದಲು ಪ್ರೊಪೆಲ್ಲರ್ ನೋಡಿ. ರೆಕ್ಕೆಯ ಅಂಚು ಕಾಸಿನಷ್ಟು ಬಗ್ಗಿದ್ದರೂ ಕಾಲಡಿ ನೆಲ ನಡುಗುತ್ತದೆ. ಅದು ಸರಿಯಿದ್ದರೆ ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿವೆಯಾ ನೋಡಿಸಿ. ಎರಡೂ ಸೇರುವ ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಸುತ್ತಲೂ ಅಳೆಯುತ್ತಾರೆ, ಒಂದು ಇಂಚಿನ ಸಾವಿರದಲ್ಲಿ 3 ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಚಳಿಗಾಲಕ್ಕೆ ನೀರು ಬಸಿಯೋ ಕೆಲಸ ನಾನೇ ಮಾಡಬಹುದಾ?

ಮಾಡಬಹುದು, ಒಂದು ಶನಿವಾರದ ಕೆಲಸ. ಮೊದಲ ಸಲ ಬಲ್ಲವರ ಜೊತೆ ಮಾಡಿ. ಪೆಟ್ರೋಲ್ ಕೆಡದಂತೆ ಅದಕ್ಕೆ ಸ್ಟೆಬಿಲೈಸರ್ ಹಾಕಿ ಎಂಜಿನ್ ಬಿಸಿ ಮಾಡಿ, ಆಯಿಲ್ ಬದಲಿಸಿ. ಬ್ಲಾಕಿನ ಎರಡೂ ಪಕ್ಕದ ಪ್ಲಗ್, ಎರಡೂ ಮ್ಯಾನಿಫೋಲ್ಡ್ ಪ್ಲಗ್, ಪಂಪಿನ ಪೈಪ್ ಎಲ್ಲ ಬಿಚ್ಚಿ. ಪ್ಲಗ್ ತೆಗೆದರೂ ನೀರು ಬರದಿದ್ದರೆ ಖಾಲಿಯಿದೆ ಎಂದುಕೊಳ್ಳಬೇಡಿ. ತುಕ್ಕು, ಮರಳು ತೂತು ಮುಚ್ಚಿರುತ್ತದೆ. ಒಂದು ತಂತಿ ತೂರಿಸಿ ಆಡಿಸಿ, ಗಳಗಳ ಎಂದು ಕಂದು ನೀರು ಬರುತ್ತದೆ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪ್ಲಗ್ ಜಾಗದಲ್ಲಿ ನಾಕ್ ಸೆನ್ಸರ್ ಇರಬಹುದು, ಅದನ್ನೇ ಬಿಚ್ಚಬೇಕು. ಹೀಟರ್, ಶವರ್ ಇದ್ದರೆ ಅವುಗಳ ಪೈಪಿನಲ್ಲೂ ನೀರಿರುತ್ತದೆ.

ಬಿಚ್ಚಿದ ಪ್ಲಗ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಸ್ಟೀರಿಂಗಿಗೆ ಕಟ್ಟಿ. ವಸಂತದಲ್ಲಿ ಎಣಿಸಿ ಹಾಕಿ.

ಸ್ಟ್ರಿಂಗರ್ ಕೊಳೆತ ಬೋಟ್ ಸಾವಿರ ಡಾಲರ್‌ಗೆ ಸಿಗ್ತಿದೆ. ನಾನೇ ರಿಪೇರಿ ಮಾಡಲಾ?

ಒಂದೆರಡು ವರ್ಷ ಬೋಟ್ ಓಡಿಸಿ, ಅದರ ಮೈ ತಿಳಿದವರಿಗೆ ಇದು ಒಳ್ಳೆಯ ಕೆಲಸ. ಬೆಚ್ಚಗಿನ ಗ್ಯಾರೇಜ್, ಎಂಜಿನ್ ಎತ್ತುವ ಹಾಯ್ಸ್ಟ್, ಒಂದು ಪೂರ್ತಿ ಚಳಿಗಾಲ ಬೇಕು. ಎಂಜಿನ್ ಎತ್ತಬೇಕು, ನೆಲ ಕತ್ತರಿಸಬೇಕು, ನೀರು ಕುಡಿದ ಫೋಮ್ ಅಗೆದು ಚೀಲಗಟ್ಟಲೆ ಎಸೆಯಬೇಕು. ಫೈಬರ್‌ಗ್ಲಾಸ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ.

ಕತ್ತರಿಸುವ ಮುಂಚೆ ಎಂಜಿನ್ ಕೂರುವ ಎತ್ತರವನ್ನು ಬೋಟಿನ ಅಂಚಿನಿಂದ ಅಳೆದು ಬರೆದಿಡಿ. ಹೊಸ ಸ್ಟ್ರಿಂಗರ್ ಅದೇ ಎತ್ತರಕ್ಕೆ ಬರದಿದ್ದರೆ ಶಾಫ್ಟ್ ಗೆರೆಗೆ ಕೂರುವುದಿಲ್ಲ. ತಳವನ್ನು ಉದ್ದಕ್ಕೂ ಸಮನಾಗಿ ಆಧಾರ ಕೊಟ್ಟು ನಿಲ್ಲಿಸಿ. ಒಳಗಿನ ತೊಲೆ ಕಿತ್ತಾಗ ಬರೀ ಚಿಪ್ಪು ಉಳಿಯುತ್ತದೆ, ಒಂದು ಕಡೆ ಜಗ್ಗಿದರೆ ಬೋಟ್ ಆ ಆಕಾರಕ್ಕೇ ಗಟ್ಟಿಯಾಗುತ್ತದೆ. ಎಡಗಡೆಯ ಸ್ಟ್ರಿಂಗರ್ ಪೂರ್ತಿ ಕೂರಿಸಿ, ಅದು ಒಣಗಿ ಗಟ್ಟಿಯಾದ ಮೇಲೆಯೇ ಬಲಗಡೆಯದನ್ನು ಕೀಳಿ.